ಶಿಯಾನ್ ಕೋಟೆಯ ಕೆಳಗೊಂದು ಪಂಚಮಿ

ಬ್ರ್ಯಾಂಪ್ಟನ್ನಿನಲ್ಲಿ ನನ್ನ ಮನೆ. ವುಡ್‌ಬ್ರಿಡ್ಜಿನಲ್ಲಿ ನನ್ನ ತಂಗಿ ಗಿರಿಜೆಯ ಮನೆ. ನಡುವೆ ಇಪ್ಪತ್ತೈದು ನಿಮಿಷದ ಹಾದಿ, ಟ್ರಾಫಿಕ್ ಇದ್ದರೆ ನಲವತ್ತು. ಇಪ್ಪತ್ಮೂರು ವರ್ಷಗಳಲ್ಲಿ ಒಂದು ಸಲವೂ ನಾನು ಆ ಹಾದಿ ಹಿಡಿದು ಹೋಗಿ ಅವಳನ್ನು ಪಂಚಮಿ ಹಬ್ಬಕ್ಕೆ ಕರೆದುಕೊಂಡು ಬರಲಿಲ್ಲ.

ನಮ್ಮ ಅಣ್ಣಿಗೇರಿ ಕಡೆಯವರಿಗೆ ಇದು ಎಂಥ ತಪ್ಪೆಂದು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಗಂಡನ ಮನೆಗೆ ತಾನೇ ಹೋಗಿ, ಬಾಗಿಲಲ್ಲಿ ನಿಂತು, ‘ನಡಿ’ ಎಂದು ಕರೆದು ಅವಳನ್ನು ತವರಿಗೆ ತರಬೇಕು. ತವರಿನಲ್ಲಿ ಅವಳು ಬೇರೆಯವರು ಕಟ್ಟಿದ ಉಂಡಿ ತಿಂದು ಜೋಕಾಲಿ ಆಡಬೇಕು. ಫೋನಿನಲ್ಲಿ ಕರೆದರೆ ಕರೆದ ಹಾಗಲ್ಲ. ಕರೆಯದೆ ಅವಳಾಗಿ ಬರುವುದೂ ಇಲ್ಲ. ಗಿರಿಜೆ ಮದುವೆಯಾಗಿ ಕೆನಡಾಕ್ಕೆ ಬರುವ ಮೊದಲೇ ಅಪ್ಪ ತೀರಿಕೊಂಡಿದ್ದ, ಅವ್ವ ಹಾಸಿಗೆ ಹಿಡಿದಿದ್ದಳು. ‘ಅಲ್ಲಿ ನೀನ ಅಕೀಗೆ ತವರು’ ಎಂದು ಅವ್ವ ನನಗೆ ಫೋನಿನಲ್ಲಿ ಹೇಳಿದ್ದಳು.

ಗಿರಿಜೆ ಬಂದ ವರ್ಷದ ಪಂಚಮಿಗೆ ನಾನು ಹೋಗಲಿಲ್ಲ ಎಂದು ಎಲ್ಲರಿಗೂ ಗೊತ್ತು. ಹೋಗಿದ್ದೆ ಎಂದು ನಾನು ಮನೆಯವರಾರಿಗೂ ಹೇಳಿರಲಿಲ್ಲ. ಅವಳ ಬೀದಿಯ ತಿರುವಿನವರೆಗೆ ಗಾಡಿ ಓಡಿಸಿಕೊಂಡು ಹೋದೆ. ಅವಳು ಮನೆಯ ಮುಂದಿನ ಮೆಟ್ಟಿಲ ಮೇಲೆ ಬ್ಯಾಗು ಇಟ್ಟುಕೊಂಡು ಕೂತಿದ್ದಳು. ಮೈಸೂರಿನಿಂದ ಬಂದಿದ್ದ ಅವಳ ಮಾವನವರು ಹಿಂದೆ ಕುರ್ಚಿ ಹಾಕಿಕೊಂಡು ಇಂಗ್ಲಿಷ್ ಪೇಪರು ಓದುತ್ತಿದ್ದರು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದವನು. ಅಲ್ಲಿಂದ ದುಬೈ, ದುಬೈಯಿಂದ ಹೇಗೋ ಇಲ್ಲಿ. ಆಗ ಒಂದು ಬೇಸ್‌ಮೆಂಟಿನಲ್ಲಿ ನಾಲ್ಕು ಮಂದಿ ಪಂಜಾಬಿ ಹುಡುಗರ ಜೊತೆ ಇದ್ದೆ, ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದೆ. ಬಿ.ಕಾಂ. ಓದಿ ಇಂಜಿನಿಯರನ ಹೆಂಡತಿಯಾದವಳನ್ನು ಆ ನೆಲಮಾಳಿಗೆಗೆ ಹೇಗೆ ಕರೆದೊಯ್ಯಲಿ, ಆ ಹಿರಿಯರು ‘ಎಲ್ಲಿಗೆ’ ಎಂದು ಕೇಳಿದರೆ ಏನು ಹೇಳಲಿ ಎಂದು ನಾಚಿಕೆಯಾಯಿತು. ಗಾಡಿ ತಿರುಗಿಸಿಬಿಟ್ಟೆ. ಸಂಜೆ ಫೋನು ಮಾಡಿ ಶಿಫ್ಟ್ ಬಂತು ಎಂದೆ.

ಮರುವರ್ಷ ಹೋಗಲು ಹಿಂದಿನ ವರ್ಷದ ಸುಳ್ಳು ಅಡ್ಡ ಬಂತು. ಆಮೇಲೆ ನಾನು ಟ್ರಕ್ ಓಡಿಸಲು ಕಲಿತೆ, ಮದುವೆಯಾದೆ, ಮನೆಯೂ ಆಯಿತು. ನನ್ನ ಹೆಂಡತಿ ಶಾರದಾ ಕರೆದಾಗ ಗಿರಿಜೆ ಹುಟ್ಟುಹಬ್ಬಕ್ಕೆ, ಗೃಹಪ್ರವೇಶಕ್ಕೆ ಬಂದಳು. ಬೀಗರಂತೆ ಬಂದು, ಉಂಡು, ಹೊರಟಳು. ತವರಿಗೆ ಬಂದವಳ ಹಾಗೆ ಒಂದು ದಿನವೂ ಕಾಲು ಚಾಚಿ ಕೂರಲಿಲ್ಲ.

ಈ ವರ್ಷ ಅವಳ ಮಗಳು ಮೇಘಾ ಚೀನಾದ ಶಿಯಾನ್ ಊರಿನಲ್ಲಿದ್ದಳು, ಒಂದು ವರ್ಷ ಅಲ್ಲಿಯ ಭಾಷೆ ಕಲಿಯಲು. ಗಿರಿಜೆಗೆ ಹೋಗಿ ನೋಡುವ ಆಸೆ. ಗಂಡನಿಗೆ ರಜೆ ಇಲ್ಲ. ಮೇಘಾ ನನಗೆ ಫೋನು ಮಾಡಿದಳು: “ಮಾಮಾ, ಅಮ್ಮ ಒಬ್ಬಳೇ ಬರೋದಿಲ್ಲ. ಪ್ಲೀಸ್, ನೀವು ಕರ್ಕೊಂಡ್ ಬನ್ನಿ.”

ಹೊರಡುವ ದಿನ ವುಡ್‌ಬ್ರಿಡ್ಜಿಗೆ ಹೋದೆ. ಗಿರಿಜೆ ಅದೇ ಮೆಟ್ಟಿಲ ಮೇಲೆ ಬ್ಯಾಗು ಇಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ಎದ್ದು ಸೀರೆಯ ಹಿಂಭಾಗ ಝಾಡಿಸಿಕೊಂಡಳು. “ಬಂದಿ ಹಂಗಾರ,” ಅಂದಳು. ಅವಳ ಬ್ಯಾಗು ಎತ್ತಿ ಗಾಡಿಗೆ ಹಾಕಿದೆ. ಆ ಪಂಚಮಿಯ ನಿಜವನ್ನು ಈ ಸಲ ಹೇಳಿಯೇ ತೀರುವುದೆಂದು ನಿಶ್ಚಯ ಮಾಡಿಕೊಂಡೆ.

ದಕ್ಷಿಣದ ಹೆಬ್ಬಾಗಿಲು

ಟ್ರಕ್ ಓಡಿಸುವವನು ಎಲ್ಲವನ್ನೂ ಟ್ರಕ್ಕಿನಿಂದಲೇ ಅಳೆಯುತ್ತಾನೆ. ಶಿಯಾನಿನ ಹಳೆಯ ಊರಿನ ಸುತ್ತ ಇರುವ ಕೋಟೆಗೋಡೆಯ ಮೇಲೆ ನನ್ನ ಹದಿನೆಂಟು ಚಕ್ರದ ಗಾಡಿಯಂಥವು ನಾಲ್ಕು ಪಕ್ಕಪಕ್ಕದಲ್ಲಿ ಹೋಗಬಹುದು. ನಾನು ಹೆಜ್ಜೆ ಹಾಕಿ ಅಳೆದು ನೋಡಿದೆ. ಕೋಟೆ ಎಂದರೆ ನನಗೆ ವಿಜಯಪುರದ್ದೇ. ಅಲ್ಲಿ ಗೋಡೆಯ ಮೇಲೆ ಮುಳ್ಳುಕಂಟಿ ಬೆಳೆದು ಆಡು ಮೇಯುತ್ತವೆ. ಇಲ್ಲಿ ಗೋಡೆಯ ಮೇಲೆ ಜನ ಸೈಕಲ್ ಹೊಡೆಯುತ್ತಾರೆ, ಮುದುಕರು ಹಿಮ್ಮುಖವಾಗಿ ನಡೆಯುತ್ತಾರೆ. ಬೀಳುವವರಿದ್ದಾರೆಯೇ ಎಂದು ಸ್ವಲ್ಪ ಹೊತ್ತು ಕಾದು ನೋಡಿದೆ. ಯಾರೂ ಬೀಳಲಿಲ್ಲ. ಬೆನ್ನುನೋವಿಗೆ ಒಳ್ಳೆಯದಂತೆ. ಟ್ರಕ್ಕಿನ ಸೀಟಿನಲ್ಲಿ ಕೂತು ಸವೆದ ಬೆನ್ನು ನನ್ನದು, ನಾನೂ ಹತ್ತು ಹೆಜ್ಜೆ ಹಿಂದಕ್ಕೆ ನಡೆದೆ.

“ರಿವರ್ಸ್ ಹೊಡಿಯೂದು ನಿನಗ ಮೊದಲಿಂದ ಛಲೋ ಬರ್ತೈತಿ ಬಿಡು,” ಅಂದಳು ಗಿರಿಜೆ. ನಗುತ್ತಲೇ ಅಂದಳು. ನನಗೆ ಎಲ್ಲಿಯೋ ಚುಚ್ಚಿತು.

ಆಗಸ್ಟಿನ ಬಿಸಿಲು. ಬಾಯಾರಿ, ಕಾವಲು ಗೋಪುರದ ಕೆಳಗಿನ ಅಂಗಡಿಯಲ್ಲಿ ತಣ್ಣೀರು ಬೇಕೆಂದು ಕೈಸನ್ನೆ ಮಾಡಿದೆ. ಅಂಗಡಿಯ ಹೆಂಗಸು ನನ್ನ ಬೆವರು ನೋಡಿ ಕನಿಕರಪಟ್ಟು ಫ್ಲಾಸ್ಕಿನಿಂದ ಹಬೆಯಾಡುವ ನೀರು ಬಗ್ಗಿಸಿಕೊಟ್ಟಳು. ಟೊರಾಂಟೊ ಕಡೆ ಮೈನಸ್ ಇಪ್ಪತ್ತರಲ್ಲೂ ಗ್ಲಾಸಿನ ತುಂಬ ಐಸು ಹಾಕಿ ಕೊಡುತ್ತಾರೆ. ಇಲ್ಲಿ ಬೆಂಕಿಯಂಥ ಬಿಸಿಲಲ್ಲಿ ಬಿಸಿನೀರು.

“ಕುಡಿ ಯಣ್ಣಾ, ಅವ್ವಾನೂ ಹಿಂಗ ಕೊಡ್ತಿದ್ಲು,” ಎಂದು ಗಿರಿಜೆ ಊದಿ ಊದಿ ಎರಡು ಲೋಟ ಕುಡಿದಳು.

ಗೋಡೆಯ ಮೇಲೆ ಹಳೆಯ ಕಾಲದ ರಾಣಿಯರ ವೇಷ ಹಾಕಿಕೊಂಡ ಹುಡುಗಿಯರು ಗುಂಪುಗುಂಪಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಉದ್ದನೆಯ ತೋಳು, ತಲೆಯ ತುಂಬ ಹೂವು, ಹಣೆಯ ಮೇಲೆ ಕೆಂಪು ಚುಕ್ಕೆ. ಮೇಘಾ ಸ್ವಲ್ಪ ಮುಂದೆ ಹೋಗಿದ್ದಳು. ಇದೇ ಸಮಯ ಎಂದುಕೊಂಡು ನಾನು ಗಂಟಲು ಸರಿಮಾಡಿಕೊಂಡೆ. “ಗಿರಿಜಾ, ನಿನಗೊಂದು ಮಾತು—” ಅಷ್ಟರಲ್ಲಿ ನಾಲ್ಕು ರಾಣಿಯರು ಬಂದು ಅವಳನ್ನು ಸುತ್ತಿಕೊಂಡರು. ಇಳಕಲ್ ಸೀರೆಯ ಸೆರಗು ಮುಟ್ಟಿ ನೋಡಿದರು, ಅವಳನ್ನು ನಡುವೆ ನಿಲ್ಲಿಸಿ ಹತ್ತು ಫೋಟೋ ಹೊಡೆದರು.

“ಇದನ್ನ ಎಲ್ಲಿ ಬಾಡಿಗೆಗೆ ತಂದ್ರಿ ಅಂತ ಕೇಳ್ತಿದಾರೆ ಅಮ್ಮಾ,” ಎಂದಳು ಓಡಿಬಂದ ಮೇಘಾ.

“ಅವರದು ವೇಷ, ನಂದು ಬಟ್ಟಿ ಅಂತ ಹೇಳು.”

ಮೇಘಾ ಅದನ್ನು ಹೇಗೆ ಹೇಳಿದಳೋ, ಹುಡುಗಿಯರು ಬಾಗಿ ನಮಸ್ಕಾರ ಮಾಡಿ ಹೋದರು. ಮೇಘಾ ಪಕ್ಕದಲ್ಲೇ ಇದ್ದಳೆಂದು ನಾನು ಆ ಮಾತನ್ನು ಮುಂದಕ್ಕೆ ಹಾಕಿದೆ. ಸಮಾಧಾನವೂ ಆಯಿತು ಎಂದು ಒಪ್ಪಿಕೊಳ್ಳಬೇಕು.

ಗಂಟೆ ಗೋಪುರದಿಂದ ನಗಾರಿ ಗೋಪುರಕ್ಕೆ

ಮರುದಿನ ಹಳೆಯ ಊರಿನ ನಟ್ಟನಡುವೆ ಇರುವ ಗಂಟೆ ಗೋಪುರ ನೋಡಲು ಹೊರಟೆವು. ಹಸಿರು ಹೆಂಚಿನ ಮಾಡು, ಕೆಂಪು ಕಂಬ, ಸುತ್ತಲೂ ಸುರುಳಿ ಸುತ್ತುವ ವಾಹನಗಳು. ಗೋಪುರ ಕಣ್ಣೆದುರೇ ಇದೆ, ರಸ್ತೆ ದಾಟಿ ಹೋಗುವ ಹಾಗಿಲ್ಲ. ನೆಲದ ಕೆಳಗಿನ ದಾರಿಯಲ್ಲಿ ಇಳಿದು ಸರಿಯಾದ ಬಾಯಿಯಲ್ಲಿ ಮೇಲೇಳಬೇಕು. ಮೇಘಾ ಫೋನು ತೆಗೆದಳು. ನಾನು ಬೇಡ ಎಂದೆ. ಮಾಂಟ್ರಿಯಲ್ಲಿನಿಂದ ವಿನ್ನಿಪೆಗ್‌ವರೆಗೆ ಹಿಮದಲ್ಲಿ ಗಾಡಿ ಓಡಿಸಿದವನಿಗೆ ದಿಕ್ಕು ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಮುಂದೆ ನಡೆದೆ.

ಮೆಟ್ಟಿಲು ಹತ್ತಿ ಮೇಲೆ ಬಂದರೆ ಎದುರಿಗೆ ಕಡುಬಿನ ಅಂಗಡಿ. ಮತ್ತೆ ಇಳಿದೆವು, ಎಡಕ್ಕೆ ತಿರುಗಿದೆವು, ಹತ್ತಿದೆವು. ಅದೇ ಕಡುಬಿನ ಅಂಗಡಿ. ಮೂರನೆಯ ಸಲ ನಾವು ನೆಲದೊಳಗಿಂದ ತಲೆ ಎತ್ತಿದಾಗ ಅಂಗಡಿಯವಳು ಬಾಗಿಲಿಗೇ ಬಂದು ನಿಂತಿದ್ದಳು. ಅಳಿಯಂದಿರನ್ನು ಕಂಡವಳ ಹಾಗೆ ನಕ್ಕು ಮೂರು ಸ್ಟೂಲು ತಂದು ಹಾಕಿದಳು.

“ಜಸ್ಟ್ ಸಿಟ್, ಮಾಮಾ,” ಎಂದಳು ಮೇಘಾ.

ಕೂತೆವು. ಎಲೆಕೋಸಿನ ಕಡುಬು ತಿಂದೆವು. ನಾಲ್ಕನೆಯ ಸಲ ಮೇಘಾ ಮುಂದೆ ನಡೆದಳು, ಎರಡೇ ನಿಮಿಷದಲ್ಲಿ ಗೋಪುರದ ಕೆಳಗಿದ್ದೆವು.

ಹಿಂದಿನ ಕಾಲದಲ್ಲಿ ಬೆಳಿಗ್ಗೆ ಈ ಗೋಪುರದಲ್ಲಿ ಗಂಟೆ ಹೊಡೆದರೆ ಊರು ಏಳುತ್ತಿತ್ತಂತೆ. ಸಂಜೆ ಅತ್ತ ಇರುವ ಇನ್ನೊಂದು ಗೋಪುರದಲ್ಲಿ ನಗಾರಿ ಬಾರಿಸಿದರೆ ಊರ ಬಾಗಿಲು ಮುಚ್ಚುತ್ತಿತ್ತಂತೆ. ಎರಡರ ನಡುವೆ ಐದು ನಿಮಿಷದ ನಡಿಗೆ. ನಗಾರಿ ಗೋಪುರದ ಸುತ್ತ ಎಮ್ಮೆಯಷ್ಟು ದೊಡ್ಡ ನಗಾರಿಗಳ ಸಾಲೇ ಇದೆ.

“ನಮ್ಮೂರ ಅಳ್ಳಿ ಮಿಲ್ಲಿನ ಭೋಂಗಾ ಇದ್ಹಂಗ,” ಅಂದಳು ಗಿರಿಜೆ. ಅರಳೆ ಮಿಲ್ಲಿನ ಸೈರನ್ ಕೂಗಿದ ಮೇಲೆಯೇ ಅಣ್ಣಿಗೇರಿಯಲ್ಲಿ ಅವ್ವ ಒಲೆ ಹೊತ್ತಿಸುತ್ತಿದ್ದುದು. “ರಾತ್ರಿ ಭೋಂಗಾ ಆದ ಮ್ಯಾಲೆ ಮನೀಗೆ ಬಂದ್ರ ಅವ್ವ ಬಾಗಲಾ ತಗೀತಿದ್ದಿಲ್ಲ ನಿನಗ. ನಾ ಹಿತ್ತಲ ಕದಾ ತಗದು ಒಳಗ ಕರಕೋತಿದ್ದೆ. ನೆನಪೈತೇನು?”

ನೆನಪಿತ್ತು. ಅವಳಿಗಾಗ ಆರು ವರ್ಷ. ಚಿಲಕ ಎಟುಕದೆ ಹಿಟ್ಟಿನ ಡಬ್ಬಿಯ ಮೇಲೆ ಹತ್ತಿ ನಿಲ್ಲುತ್ತಿದ್ದಳು.

ರೊಟ್ಟಿ ಮುರಿಯುವ ಅಂಗಡಿ

ನಗಾರಿ ಗೋಪುರದ ಹಿಂದೆ ಮುಸಲ್ಮಾನರ ಓಣಿ. ಅಲ್ಲಿಯ ಮಸೀದಿಗೆ ಗುಮ್ಮಟವಿಲ್ಲ. ಚೀನೀ ಮಾಡು, ಅಂಗಳದಲ್ಲಿ ಮರಗಳು, ಗುಬ್ಬಿಗಳು. ಓಣಿಯ ಗದ್ದಲದಿಂದ ಒಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದ ಹಾಗೆ ತಂಪು. ಅಲ್ಲಿ ಬೆವರು ಆರಿಸಿಕೊಂಡು ಊಟಕ್ಕೆ ಹೋದೆವು.

ಆ ಓಣಿಯ ಊಟದ ಪದ್ಧತಿ ನಾನು ಎಲ್ಲೂ ಕಂಡದ್ದಲ್ಲ. ಖಾಲಿ ಬೋಗುಣಿ ಮತ್ತು ಎರಡು ಗಟ್ಟಿ ರೊಟ್ಟಿ ತಂದು ಮುಂದಿಡುತ್ತಾರೆ. ರೊಟ್ಟಿಯನ್ನು ನಾವೇ ಕಾಳಿನಷ್ಟು ಸಣ್ಣದಾಗಿ ಮುರಿದು ಬೋಗುಣಿ ತುಂಬಿಸಬೇಕು. ಆಮೇಲೆ ಅದನ್ನು ಒಳಗೆ ಒಯ್ದು ಸಾರಿನಲ್ಲಿ ಕುದಿಸಿ ತರುತ್ತಾರೆ. ಸಾರು ಮಾಂಸದ್ದು. ಗಿರಿಜೆಗಾಗಿ ಮೇಘಾ ಅಡಿಗೆಯವರ ಹತ್ತಿರ ಬಹಳ ಹೊತ್ತು ಮಾತಾಡಿ ತರಕಾರಿ ಸಾರು ಒಪ್ಪಿಸಿದಳು. ಸುತ್ತಲಿನ ಮೇಜುಗಳಲ್ಲಿ ಎಲ್ಲರೂ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ ಹರಟೆ ಹೊಡೆಯುತ್ತಿದ್ದರು. ಯಾರಿಗೂ ಅವಸರವಿಲ್ಲ. ಬ್ರ್ಯಾಂಪ್ಟನ್ನಿನಲ್ಲಿ ನಾನು ಮೂವತ್ತು ನಿಮಿಷದ ಬ್ರೇಕಿನಲ್ಲಿ ಸ್ಟೇರಿಂಗ್ ಮೇಲೆ ಡಬ್ಬಿ ಇಟ್ಟುಕೊಂಡು ಉಣ್ಣುವವನು. ನನ್ನ ಬೋಗುಣಿ ಐದು ನಿಮಿಷದಲ್ಲಿ ತುಂಬಿತು.

ಬಡಿಸುವ ಮುದುಕಿ ಬಂದಳು. ಗಿರಿಜೆಯ ಬೋಗುಣಿ ನೋಡಿ ಹೆಬ್ಬೆರಳು ಎತ್ತಿದಳು. ನನ್ನದರಿಂದ ಒಂದು ಚೂರು ಹೆಕ್ಕಿ, ನನ್ನ ಕಣ್ಣಿನ ಮುಂದೆ ಹಿಡಿದು, ಏನೋ ಬೈದು, ಬೋಗುಣಿಯನ್ನು ನನ್ನ ಕಡೆಗೇ ತಳ್ಳಿ ಹೋದಳು.

“ಚೂರು ದೊಡ್ಡದಾಯ್ತಂತೆ. ಒಳಗೆ ಸಾರು ಹೋಗಲ್ವಂತೆ,” ಎಂದಳು ಮೇಘಾ. “ಮತ್ತೆ ಮುರೀಬೇಕು. ಯು ಹ್ಯಾವ್ ಟು ರೀಡೂ.” ನಗು ತಡೆಯಲಾರದೆ ಕೈತೊಳೆಯುವ ನೆಪ ಮಾಡಿ ಎದ್ದು ಹೋದಳು.

ಗಿರಿಜೆ ನನ್ನ ಬೋಗುಣಿಯನ್ನು ತನ್ನ ಹತ್ತಿರ ಎಳೆದುಕೊಂಡು ಚೂರುಗಳನ್ನು ಮತ್ತೆ ಮುರಿಯತೊಡಗಿದಳು. “ಬಳ್ಳೊಳ್ಳಿ ಕುಟ್ಟಿ ಮುಟಗಿ ಮಾಡಾಕ ರೊಟ್ಟಿ ಮುರದ ಕೈ ನಂದು. ನೀ ಬರೇ ತಿಂದಾಂವ,” ಅಂದಳು. ನಾನೂ ಕೈ ಹಾಕಿದೆ. ಇಬ್ಬರೂ ಒಂದೇ ಬೋಗುಣಿಗೆ ಮುರಿಯುತ್ತಿದ್ದೆವು. ಮುಖ ನೋಡಬೇಕಾಗಿರಲಿಲ್ಲ. ಮಾತು ಹೊರಟಿತು.

“ಗಿರಿಜಾ, ನೀ ಬಂದ ವರ್ಷದ ಪಂಚಮಿ—”

ಅವಳ ಬೆರಳು ನಿಲ್ಲಲಿಲ್ಲ. “ಶಿಫ್ಟ್ ಬಂದಿತ್ತಲ್ಲ ನಿನಗ. ಅವತ್ತ ಫೋನಿನ್ಯಾಗ ಹೇಳಿದ್ದಿ.”

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಅವಳು ಕಾದಳು ಎಂದೇ ಈಗ ಅನಿಸುತ್ತದೆ. ನಾನು “ಹೂಂ” ಅಂದೆ.

ಅವಳು ಇನ್ನೂ ನಾಲ್ಕು ಚೂರು ಮುರಿದು ಬೋಗುಣಿಯನ್ನು ನನ್ನ ಮುಂದೆ ತಳ್ಳಿದಳು. ಮುದುಕಿ ಬಂದು ಈ ಸಲ ಒಪ್ಪಿದಳು. ಸಾರು ರುಚಿಯಾಗಿತ್ತು ಎಂದು ಮೇಘಾ ಹೇಳುತ್ತಾಳೆ. ನನಗೆ ನೆನಪಿಲ್ಲ. ಮೊದಲನೆಯ ಸುಳ್ಳು ಹೇಳಿದಾಗ ನನಗೆ ಮೂವತ್ತು ತುಂಬಿರಲಿಲ್ಲ. ಈಗ ಐವತ್ತೆರಡು. ಈ ಎರಡನೆಯದಕ್ಕೆ ಏನು ನೆಪ ಹೇಳಲಿ?

ಬಿರುಕು ಬಿಟ್ಟ ಗೋಪುರ

ಮೂರನೆಯ ದಿನ ಬೆಳಿಗ್ಗೆ ಗಿರಿಜೆ ಹೊಸ ಸೀರೆ ಉಟ್ಟು, ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದು ಹೋಟೆಲಿನ ರೂಮಿನಿಂದ ಹೊರಗೆ ಬಂದಳು.

“ಇವತ್ತ ಪಂಚಮಿ,” ಅಂದಳು. ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ. ವುಡ್‌ಬ್ರಿಡ್ಜಿನಲ್ಲೇ ಕಟ್ಟಿಕೊಂಡು ತಂದಿದ್ದಳು.

“ಸ್ವಿಂಗ್ ಹಬ್ಬಾನಾ? ನಾವು ಯಾವತ್ತೂ ಮಾಡೇ ಇಲ್ಲ ಅಲ್ವಾ?” ಎಂದಳು ಮೇಘಾ.

“ಉಂಡಿ ಮಾಡ್ತೀನಲ್ಲ ವರ್ಷಾ. ತಿನ್ನು.”

ನನಗೂ ಒಂದು ಕೊಟ್ಟಳು. ಇಪ್ಪತ್ಮೂರು ವರ್ಷ ತನ್ನ ಉಂಡಿಯನ್ನು ತಾನೇ ಕಟ್ಟಿಕೊಂಡವಳು. ಬೆಲ್ಲದ ಪಾಕ ಅವ್ವನದೇ ಹದದಲ್ಲಿತ್ತು.

ಕೋಟೆಯ ಹೊರಗೆ ದಕ್ಷಿಣಕ್ಕೆ ನಡೆದು ಹೋದರೆ ಇಟ್ಟಿಗೆಯ ಒಂದು ಹಳೆಯ ಬೌದ್ಧ ಗೋಪುರವಿದೆ. ಜೋಳದ ತೆನೆಯ ಹಾಗೆ ಮೇಲೆ ಹೋದಂತೆ ಸಣ್ಣಗಾಗುತ್ತದೆ. ತುದಿ ಸ್ವಲ್ಪ ಮುರಿದಿದೆ. ಒಂದು ಭೂಕಂಪದಲ್ಲಿ ಈ ಗೋಪುರ ಮೇಲಿನಿಂದ ಕೆಳಗೆ ಸೀಳಿ ಹೋಗಿತ್ತಂತೆ. ಬಹಳ ವರ್ಷದ ಮೇಲೆ ಇನ್ನೊಂದು ಭೂಕಂಪವಾಗಿ ಆ ಸೀಳು ತಾನಾಗಿ ಕೂಡಿಕೊಂಡಿತೆಂದು ಕಥೆ. ಮೇಘಾ ಇದನ್ನು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಹೇಳಿದಳು.

ಗಿರಿಜೆ ಕತ್ತು ಎತ್ತಿ ಬಹಳ ಹೊತ್ತು ನೋಡಿದಳು. “ತಾನ ಕೂಡ್ತಂತೇನು? ಮನಶಾರು ಯಾರೂ ಕೈ ಹಚ್ಚಲೇ ಇಲ್ಲ?”

“ಆಮೇಲೆ ರಿಪೇರಿ ಮಾಡಿದಾರೆ ಅಮ್ಮಾ. ಐರನ್ ಪಟ್ಟಿ ಹಾಕಿ.”

“ಹಂಗಾರ ಹಚ್ಚ್ಯಾರ,” ಎಂದು ಗಿರಿಜೆ ಸಮಾಧಾನದಿಂದ ಮುಂದೆ ನಡೆದಳು. “ಕೈ ಹಚ್ಚಲಾರದ ಯಾವುದು ಕೂಡ್ತೈತಿ.”

ಅವಳು ಗೋಪುರದ ಮಾತನ್ನೇ ಆಡಿದಳು. ಆದರೂ ಹೋಟೆಲಿನ ಕಡೆ ತಿರುಗಿ ನಡೆಯುವಾಗ ನಾನು ಅವಳಿಂದ ಹತ್ತು ಹೆಜ್ಜೆ ಹಿಂದೆಯೇ ಉಳಿದೆ.

ಗೋಡೆಯ ಕೆಳಗಿನ ತೋಟ

ಆ ದಾರಿಯಲ್ಲೇ, ಕೋಟೆಗೋಡೆಗೂ ಕಂದಕಕ್ಕೂ ನಡುವೆ, ಊರಿನ ಸುತ್ತಲೂ ಉದ್ದನೆಯ ತೋಟವಿದೆ. ಬೆಳಗಿನ ಹೊತ್ತು ಊರಿನ ಮುದುಕ ಮುದುಕಿಯರೆಲ್ಲ ಅಲ್ಲೇ. ಕೆಲವರು ಹಾಡುತ್ತಾರೆ, ಕೆಲವರು ಹಕ್ಕಿಯ ಪಂಜರ ಮರಕ್ಕೆ ತೂಗುಹಾಕಿ ಕೆಳಗೆ ಇಸ್ಪೀಟು ಆಡುತ್ತಾರೆ. ವ್ಯಾಯಾಮಕ್ಕೆಂದು ಕಬ್ಬಿಣದ ಸಲಕರಣೆಗಳನ್ನು ನೆಟ್ಟಿದ್ದಾರೆ. ಒಂದರಲ್ಲಿ ಎರಡು ಪಾದದ ಹಲಗೆಗಳು ತೂಗುತ್ತಿರುತ್ತವೆ. ಹಿಡಿಕೆ ಹಿಡಿದು ಹಲಗೆಯ ಮೇಲೆ ನಿಂತರೆ ಕಾಲುಗಳು ಹಿಂದೆ ಮುಂದೆ ಗಾಳಿಯಲ್ಲಿ ಜೀಕುತ್ತವೆ. ಬಿಳಿಕೂದಲಿನ ಒಬ್ಬ ಅಜ್ಜಿ ಅದರ ಮೇಲೆ ನಿಂತು ಜೀಕುತ್ತಿದ್ದಳು. ಪಕ್ಕದ್ದು ಖಾಲಿಯಿತ್ತು.

ಗಿರಿಜೆ ಡಬ್ಬಿ ತೆರೆದು ಅಜ್ಜಿಗೆ ಉಂಡಿ ಕೊಟ್ಟಳು. ಅಜ್ಜಿ ಒಂದನ್ನು ಬಾಯಿಗಿಟ್ಟು, ಕಣ್ಣರಳಿಸಿ, ಇನ್ನೊಂದನ್ನು ಜೇಬಿಗಿಟ್ಟಳು. ಆಮೇಲೆ ತನ್ನ ಚೀಲದಿಂದ ಒಣ ಬೋರೆಹಣ್ಣು ಒಂದು ಹಿಡಿ ತೆಗೆದು ಡಬ್ಬಿಯ ಖಾಲಿ ಜಾಗಕ್ಕೆ ಹಾಕಿದಳು.

“ನೋಡ ಯಣ್ಣಾ, ಖಾಲಿ ಡಬ್ಬಿ ಹೊಳ್ಳಿ ಕೊಡಬಾರದು ಅನ್ನೂದು ಇವರಿಗೂ ಗೊತ್ತೈತಿ,” ಎಂದು ಗಿರಿಜೆ ಸೆರಗು ಸಿಕ್ಕಿಸಿಕೊಂಡು ಖಾಲಿ ಹಲಗೆಯ ಮೇಲೆ ಹತ್ತಿದಳು. ಮೊದಲು ಹೆದರಿ ಹಿಡಿಕೆ ಗಟ್ಟಿ ಹಿಡಿದಳು. ಎರಡು ನಿಮಿಷದಲ್ಲಿ ಲಯ ಸಿಕ್ಕಿತು. ಅವಳೂ ಅಜ್ಜಿಯೂ ಒಟ್ಟಿಗೆ ಜೀಕತೊಡಗಿದರು. ಮೇಘಾ ವೀಡಿಯೊ ಮಾಡಿ, ಕುಡಿಯಲು ಏನಾದರೂ ತರುತ್ತೇನೆಂದು ಹೋದಳು.

ಪಂಚಮಿಯ ದಿನ ನನ್ನ ತಂಗಿ ಚೀನಾದಲ್ಲಿ ಕಬ್ಬಿಣದ ಕಂಬಕ್ಕೆ ತೂಗುಬಿದ್ದ ಹಲಗೆಯ ಮೇಲೆ ಜೋಕಾಲಿ ಆಡುತ್ತಿದ್ದಾಳೆ. ನಾನು ಪಕ್ಕದಲ್ಲಿ ಅವಳ ಡಬ್ಬಿ ಹಿಡಿದು ನಿಂತಿದ್ದೇನೆ.

“ಗಿರಿಜಾ, ಅವತ್ತ ಶಿಫ್ಟ್ ಇರಲಿಲ್ಲ,” ಅಂದೆ. “ಬಂದಿದ್ದೆ. ನಿಮ್ಮ ಓಣಿ ತಿರುವಿನತನಾ ಬಂದು ಹೊಳ್ಳಿ ಹೋದೆ.”

ಅವಳ ಕಾಲು ಜೀಕುತ್ತಲೇ ಇತ್ತು. “ಗೊತ್ತೈತಿ.”

“ಹೆಂಗ?”

“ನಿನ್ನ ಗಾಡಿ ಹಿಂದಿನ ದೀಪಾ ಒಡದಿತ್ತು, ಕೆಂಪ ಟೇಪ ಹಚ್ಚಿದ್ದಿ. ಇಡೀ ವುಡ್‌ಬ್ರಿಡ್ಜಿನ್ಯಾಗ ಅಂಥಾ ಗಾಡಿ ಮತ್ತೊಂದು ಇರಲಿಲ್ಲ.”

“ಮತ್ತ ಇಷ್ಟು ವರ್ಷ ಯಾಕ ಕೇಳಲಿಲ್ಲ?”

“ನೀ ಹೇಳ್ತಿ ಅಂತ. ಮೊದಲ ಸಿಟ್ಟಿತ್ತು. ಆಮ್ಯಾಲೆ ಮೇಘಾ ಹುಟ್ಟಿದ್ಲು, ಸಿಟ್ಟು ಮಾಡಾಕ ಪುರಸೊತ್ತ ಆಗಲಿಲ್ಲ. ಆದ್ರ ಪಂಚಮಿ ದಿನ ಒಮ್ಮೆ ಕಿಡಕ್ಯಾಗ ಹಣಿಕಿ ಹಾಕತಿದ್ದೆ. ಅದೊಂದು ಚಟಾ ಬಿಡಲಿಲ್ಲ ನೋಡು.” ಜೀಕುತ್ತಲೇ ಹೇಳಿದಳು, “ಅವತ್ತ ಬಾಜೂ ಮನೀ ಇಟಾಲಿಯನ್ ಮುದುಕಿ ಬಂದು ಒಳಗ ಕರಕೊಂಡು ಹೋದ್ಲು. ತನ್ನ ಹಿತ್ತಲ ಟೊಮ್ಯಾಟೊ ಉಡಿ ತುಂಬ ಕೊಟ್ಲು. ಅದಾ ನನ್ನ ತವರಿನ ಉಡಿ ಆತು ಆ ವರ್ಷ.”

ಒಂದು ಮಾತು ಅವಳಿಗೆ ಗೊತ್ತಿರಲಿಲ್ಲ. ಅದನ್ನೂ ಹೇಳಿದೆ. “ನಾ ಇದ್ದ ಬೇಸ್‌ಮೆಂಟಿನ ಹಿತ್ತಲದಾಗ ಒಂದು ಸೇಬಿನ ಗಿಡ ಇತ್ತು. ರೂಮಿನ ಪಂಜಾಬಿ ಹುಡುಗರಿಗೆ ತಂಗಿ ಬರ್ತಾಳ ಅಂದಿದ್ದೆ. ‘ಬೆಹನ್ ಆ ರಹೀ ಹೈ’ ಅಂತ ಕುಣದಾಡಿದ್ರು. ಅವರ ಕಡೆನೂ ಶ್ರಾವಣದಾಗ ಹೆಣ್ಮಕ್ಕಳು ಜೋಕಾಲಿ ಆಡ್ತಾರಂತ. ರೂಮು ಬಳದು, ಟ್ರಕ್ಕಿಗೆ ಕಟ್ಟೋ ಹಗ್ಗ ತಂದು ಗಿಡಕ್ಕ ಜೋಕಾಲಿ ಕಟ್ಟಿದ್ರು. ನಾ ಖಾಲಿ ಗಾಡಿ ಹೊಡಕೊಂಡು ಹೊಳ್ಳಿ ಹೋಗಿ, ತಂಗಿಗೆ ಆರಾಮಿಲ್ಲ ಅಂತ ಹೇಳಿದೆ.”

ಅವಳ ಕಾಲು ನಿಂತಿತು.

“ಜೋಕಾಲಿ ಕಟ್ಟಿದ್ರೇನು?”

“ಕಟ್ಟಿದ್ರು.”

“ಆಮ್ಯಾಲೆ ಏನಾತದು?”

“ಹಿಮಾ ಬೀಳೂತನಾ ಅಲ್ಲೇ ಇತ್ತು. ಬಿಚ್ಚಾಕ ನನಗ ಕೈ ಬರಲಿಲ್ಲ.”

ಗಿರಿಜೆ ಹಲಗೆಯಿಂದ ಇಳಿಯಲಿಲ್ಲ. ಹಿಡಿಕೆಯ ಮೇಲೆ ಹಣೆ ಇಟ್ಟುಕೊಂಡು ನಿಂತಳು. ಪಕ್ಕದ ಅಜ್ಜಿ ಜೀಕುವುದನ್ನು ನಿಲ್ಲಿಸಿ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. ನಡೆದದ್ದನ್ನೆಲ್ಲ ಹೇಳಿ ಮುಗಿಸಿದ್ದೆ. ಹೇಳಲೇಬೇಕಾದದ್ದು ಇನ್ನೂ ಬಾಯಲ್ಲೇ ಇತ್ತು. ಹೊರಗೆ ಬಂದಾಗ ಅದು ಟ್ರಕ್ ಯಾರ್ಡಿನಲ್ಲಿ ಕೂಗಿದಷ್ಟು ಗಟ್ಟಿಯಾಗಿ ಬಂತು. ಇಸ್ಪೀಟು ಆಡುತ್ತಿದ್ದವರೂ ತಿರುಗಿ ನೋಡಿದರು.

“ತಪ್ಪಾತು, ಗಿರಿಜವ್ವಾ. ನಿನ್ನ ಕರಿಯಾಕ ಬಂದು, ನೀ ಕುಂತದ್ದ ನೋಡಿ, ಹೊಳ್ಳಿ ಹೋದೆ. ನಂದು ತಪ್ಪಾತು.”